ಜರ್ಮನಿಗೆ ನಾಯಿ ಕರ್ಕೊಂಡು ಹೋಗ್ಬೇಕಾ? ಟಿಕೆಟ್ ಬುಕ್ ಮಾಡೋಕೆ ಮೊದಲು ಇದನ್ನ ಓದಿ

ತೀರ್ಥಹಳ್ಳಿ: ಹೋದ ವಾರ ಪೇಟೆಯ ದಿನಸಿ ಅಂಗಡಿಯೊಂದರಲ್ಲಿ ಸಾಮಾನು ಕಟ್ಟಿಸ್ತಾ ನಿಂತಿದ್ದೆ. ಅಂಗಡಿಯವರು, "ನೀವು ನ್ಯೂಸ್ ಬರೆಯೋರಲ್ವಾ, ನಾಯಿಗೂ ವೀಸಾ ಬೇಕಾ ಮಾರಾಯ್ರೆ?" ಅಂದ್ರು. ತಮಾಷೆ ಅಂದ್ಕೊಂಡೆ. ತಮಾಷೆ ಆಗಿರಲಿಲ್ಲ.

ಅವರ ಮಗಳು, ಅಳಿಯ ಬೆಂಗಳೂರಲ್ಲಿ ಇದ್ದಾರೆ. ಅಳಿಯನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ. ಎರಡು ತಿಂಗಳಲ್ಲಿ ಹೊರಡೋದು, ಟಿಕೆಟ್ ಆಗಿದೆ. ಐದು ವರ್ಷದ ಹಿಂದೆ ಇದೇ ಊರಿಂದ ಮರಿಯಾಗಿ ತಗೊಂಡು ಹೋಗಿದ್ದ ಕರಿಯ ಅನ್ನೋ ನಾಯಿ ಅವರ ಮನೇಲಿದೆ. ಕರಿಯ ಬರದಿದ್ರೆ ನಾನೂ ಬರಲ್ಲ ಅಂತ ಏಳು ವರ್ಷದ ಮೊಮ್ಮಗಳು ಹಟ ಹಿಡಿದಿದ್ದಾಳೆ. ಒಬ್ಬ ಏಜೆಂಟ್ "ಹದಿನೈದು ದಿನದಲ್ಲಿ ಎಲ್ಲಾ ಪೇಪರ್ ಮಾಡಿಸ್ಕೊಡ್ತೀನಿ" ಅಂದಿದ್ನಂತೆ. ಅದನ್ನ ಕೇಳಿದ ಮೇಲೆ ಇದನ್ನ ಬರೆಯಲೇಬೇಕು ಅನ್ನಿಸ್ತು. ನಮ್ಮ ತಾಲೂಕಿಂದ ಹೊರದೇಶಕ್ಕೆ ಹೋಗೋ ಮಕ್ಕಳು ಈಗ ಕಮ್ಮಿ ಏನಿಲ್ಲ.

ವೀಸಾ ಬೇಡ. ಆದ್ರೆ ವೀಸಾಗಿಂತ ಹೆಚ್ಚು ಟೈಮ್ ಹಿಡಿಯೋ ಕೆಲಸ ಇದೆ. ಕಾರಣ ಒಂದೇ, ರೇಬೀಸ್, ಅಂದ್ರೆ ಹುಚ್ಚುನಾಯಿ ಕಾಯಿಲೆ. ನಮ್ಮ ದೇಶದಲ್ಲಿ ಅದು ಇನ್ನೂ ಇದೆ, ಅಲ್ಲಿ ಹೆಚ್ಚುಕಮ್ಮಿ ಹೋಗಿದೆ. ಹಾಗಾಗಿ ಭಾರತದಿಂದ ಬರೋ ನಾಯಿಗೆ ಯುರೋಪಿನವರು ಬಿಗಿ ನಿಯಮ ಇಟ್ಟಿದ್ದಾರೆ.

ಮೊದಲು ಚಿಪ್. ಅಕ್ಕಿಕಾಳಿನಷ್ಟು ದೊಡ್ಡದು, ಸೂಜಿಯಲ್ಲಿ ಕತ್ತಿನ ಚರ್ಮದ ಕೆಳಗೆ ಹಾಕ್ತಾರೆ. ಅದರಲ್ಲಿ 15 ಅಂಕಿಯ ನಂಬರ್ ಇರುತ್ತೆ, ಸ್ಕ್ಯಾನರ್ ಹಿಡಿದ್ರೆ ಕಾಣುತ್ತೆ. ಇದು ಜಿಪಿಎಸ್ ಅಲ್ಲ, ನಾಯಿ ಎಲ್ಲಿದೆ ಅಂತ ಮೊಬೈಲಲ್ಲಿ ತೋರಿಸಲ್ಲ. ಚಿಪ್ ಐಎಸ್‌ಒ ಮಟ್ಟದ್ದೇ ಆಗಿರ್ಬೇಕು, ಹಾಕಿಸುವಾಗ ಕೇಳಿ.

ಚಿಪ್ ಹಾಕಿದ ಮೇಲೆ ರೇಬೀಸ್ ಲಸಿಕೆ. ಅದೇ ದಿನ ಕೊಡಿಸಿದರೂ ನಡೆಯುತ್ತೆ, ಆದರೆ ಚಿಪ್‌ಗೆ ಮೊದಲು ಕೊಟ್ಟ ಲಸಿಕೆ ಲೆಕ್ಕಕ್ಕಿಲ್ಲ. ಹೆಚ್ಚಿನವರು ಎಡವೋದು ಇಲ್ಲೇ. ಕರಿಯನಿಗೆ ಪ್ರತಿ ವರ್ಷ ತಪ್ಪದೆ ಲಸಿಕೆ ಹಾಕಿಸಿದ್ದಾರೆ, ಪುಸ್ತಕದಲ್ಲಿ ಸೀಲು ಸಹಿ ಎಲ್ಲ ಇದೆ. ಚಿಪ್ ಇಲ್ಲ. ಅಂದ್ಮೇಲೆ ಆ ಲಸಿಕೆ ಹಾಕಿಸಿಕೊಂಡಿದ್ದು ಇದೇ ನಾಯಿ ಅನ್ನೋದಕ್ಕೆ ಅವರ ಪ್ರಕಾರ ಸಾಕ್ಷಿ ಇಲ್ಲ. ಐದು ವರ್ಷದ ಪುಸ್ತಕ ಪಕ್ಕಕ್ಕಿಟ್ಟು ಮತ್ತೆ ಒಂದರಿಂದ ಶುರು.

ಲಸಿಕೆ ಕೊಟ್ಟು ಕನಿಷ್ಠ 30 ದಿನ ಆದ ಮೇಲೆ ರಕ್ತ ತೆಗೀತಾರೆ. ಲಸಿಕೆ ಮೈಗೆ ಹತ್ತಿದೆಯಾ ಅಂತ ನೋಡೋ ಪರೀಕ್ಷೆ ಇದು. ಯುರೋಪಿಯನ್ ಯೂನಿಯನ್ ಒಪ್ಪಿದ ಲ್ಯಾಬ್‌ನಲ್ಲೇ ಆಗಬೇಕು, ರಿಸಲ್ಟ್ 0.5 ಐಯು ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ರಿಸಲ್ಟ್ ಬಂತು ಅಂತ ಹೊರಡೋ ಹಾಗಿಲ್ಲ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ರಿಪೋರ್ಟ್ ಬಂದ ದಿನದಿಂದ ಅಲ್ಲ, ರಕ್ತ ತೆಗೆದ ದಿನದಿಂದ.

ಲೆಕ್ಕ ಹಾಕಿ ನೋಡಿ. ಜೂನ್ 1ಕ್ಕೆ ಚಿಪ್ ಮತ್ತು ಲಸಿಕೆ ಆಯ್ತು ಅಂತಿಟ್ಕೊಳ್ಳಿ. ಜುಲೈ 1ಕ್ಕೆ ರಕ್ತ. ಅಕ್ಟೋಬರ್ 1ಕ್ಕೆ ಮೊದಲು ನಾಯಿ ಜರ್ಮನಿಯಲ್ಲಿ ಇಳಿಯೋ ಹಾಗಿಲ್ಲ. ಎಲ್ಲ ಸರಿಯಾಗಿ ನಡೆದರೇ ನಾಲ್ಕು ತಿಂಗಳು. ರಕ್ತದಲ್ಲಿ ಅಂಶ ಕಮ್ಮಿ ಬಂದ್ರೆ ಮತ್ತೆ ಲಸಿಕೆ, ಮತ್ತೆ ಕಾಯೋದು. ಹದಿನೈದು ದಿನದ ಏಜೆಂಟ್ ಈ ಮೂರು ತಿಂಗಳನ್ನ ಎಲ್ಲಿಂದ ತರ್ತಾನೋ ಗೊತ್ತಿಲ್ಲ. ಸುಳ್ಳು ತಾರೀಕು ಹಾಕಿಸಿದ್ರೆ ಮಾತ್ರ ಸಾಧ್ಯ. ಪೇಪರ್ ಸರಿ ಇಲ್ಲ ಅಂತ ಅಲ್ಲಿ ಸಿಕ್ಕಿಬಿದ್ರೆ ನಾಯಿಯನ್ನ ವಾಪಸ್ ಕಳಿಸ್ತಾರೆ, ಇಲ್ಲವೇ ನಿಮ್ಮ ಖರ್ಚಲ್ಲೇ ಕೂಡಿ ಹಾಕ್ತಾರೆ. ಎರಡೂ ಆಗದಿದ್ರೆ ಸಾಯಿಸೋಕೂ ಅವರ ಕಾನೂನಲ್ಲಿ ಅವಕಾಶ ಇದೆ. ಏಜೆಂಟ್‌ಗೆ ಏನೂ ಆಗಲ್ಲ.

ಹೊರಡೋ ಹೊತ್ತಿಗೆ ಕೊನೆಯ ಕೆಲಸ ಬೆಂಗಳೂರಲ್ಲಿ. ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿ ಅಲ್ಲಿದೆ, ಎಕ್ಯೂಸಿಎಸ್ ಅಂತಾರೆ. ಆರೋಗ್ಯ ಸರ್ಟಿಫಿಕೇಟ್ ಕೊಡೋರು ಅವರೇ. ಅದು ಆದ 10 ದಿನದೊಳಗೆ ನಾಯಿ ಯುರೋಪ್ ತಲುಪಬೇಕು, ಅದಕ್ಕೇ ಇದನ್ನ ಮೊದಲೇ ಮಾಡಿಸಿಟ್ಟುಕೊಳ್ಳೋ ಹಾಗಿಲ್ಲ. ನಮ್ಮ ತಾಲೂಕು ಪಶು ಆಸ್ಪತ್ರೆಯ ಚೀಟಿ ಇದರ ಬದಲಿಗೆ ನಡೆಯಲ್ಲ.

ಇನ್ನು ವಿಮಾನ. ಸಣ್ಣ ನಾಯಿ ಆದ್ರೆ ಕೆಲವು ಕಂಪನಿಗಳು ಬ್ಯಾಗ್ ಸೇರಿ 8 ಕೆಜಿ ತನಕ ಸೀಟಿನ ಕೆಳಗೆ ಬಿಡ್ತಾರೆ. ಕರಿಯನಂಥವರು ಕೆಳಗಡೆ, ಸರಕಿನ ಜಾಗದಲ್ಲಿ ಹೋಗ್ಬೇಕು. ಅಲ್ಲಿ ಗಾಳಿ, ಉಷ್ಣಾಂಶ ಎಲ್ಲ ಮೇಂಟೇನ್ ಮಾಡ್ತಾರೆ, ತೆರೆದ ಲಾರಿ ಥರ ಅಲ್ಲ. ಕಾರ್ಗೋದಲ್ಲಿ ಕಳಿಸಿದ್ರೆ ಬಾಡಿಗೆ ಬರೀ ನಾಯಿಯ ತೂಕಕ್ಕಲ್ಲ, ಡಬ್ಬಿಯ ಅಳತೆಗೂ ಬೀಳುತ್ತೆ. ಹಾಗಂತ ಚಿಕ್ಕ ಡಬ್ಬಿ ತಗೊಂಡ್ರೆ ಏರ್‌ಪೋರ್ಟಲ್ಲೇ ತಿರುಗಿಸಿ ಕಳಿಸ್ತಾರೆ. ನಾಯಿ ತಲೆ ತಾಗದೆ ನಿಲ್ಲಬೇಕು, ಪೂರ್ತಿ ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು.

ಡಬ್ಬಿ ಎರಡು ತಿಂಗಳು ಮೊದಲೇ ತನ್ನಿ. ಬಾಗಿಲು ತೆಗೆದಿಟ್ಟು ಊಟ ಅದರೊಳಗೇ ಹಾಕಿ. ಹಳೇ ಸೀರೆಯನ್ನೋ ಲುಂಗಿಯನ್ನೋ ಒಳಗೆ ಹಾಸಿದ್ರೆ ಮನೆಯವರ ವಾಸನೆ ಇರುತ್ತೆ. ನಿದ್ದೆ ಮಾತ್ರೆ ಮಾತ್ರ ಬೇಡವೇ ಬೇಡ. ಎತ್ತರದಲ್ಲಿ ಬಿಪಿ ಇಳಿದು, ಉಸಿರಾಟಕ್ಕೆ ತೊಂದರೆಯಾಗಿ ನಾಯಿಯ ಜೀವಕ್ಕೇ ಬರಬಹುದು. ಮತ್ತು ಬರಿಸಿದ ನಾಯಿಯನ್ನ ಹತ್ತಿಸಿಕೊಳ್ಳೋಕೆ ಕಂಪನಿಗಳೂ ಒಪ್ಪಲ್ಲ.

ಹಚ್ ಜಾಹೀರಾತಿನ ನಾಯಿ ನೆನಪಿದೆಯಲ್ಲ, ಪಗ್? ಅಂಥ ಚಪ್ಪಟೆ ಮೂತಿಯವನ್ನ, ಶಿಟ್ಜು, ಬುಲ್‌ಡಾಗ್ ಇವನ್ನೆಲ್ಲ ಸುಮಾರು ಕಂಪನಿಗಳು ಸರಕಿನ ಜಾಗಕ್ಕೆ ಸೇರಿಸಲ್ಲ. ಸೆಖೆಯಲ್ಲಿ ಅವುಕ್ಕೆ ಉಸಿರು ಕಟ್ಟುತ್ತೆ. ಪಿಟ್‌ಬುಲ್ ಮತ್ತು ಬುಲ್ ಟೆರಿಯರ್ ಜಾತಿಗಳನ್ನಂತೂ ಜರ್ಮನಿ ಒಳಗೇ ಬಿಡಲ್ಲ. ಈ ವಿಷಯದಲ್ಲಿ ನಮ್ಮ ಊರುನಾಯಿಯೇ ವಾಸಿ. ಉದ್ದ ಮೂತಿ, ಗಟ್ಟಿ ಜೀವ, ಯಾವ ನಿಷೇಧದ ಪಟ್ಟಿಯಲ್ಲೂ ಹೆಸರಿಲ್ಲ.

ಬೇರೆ ದೇಶದ್ದು ಬೇರೆ ಕತೆ. ಇಂಗ್ಲೆಂಡಿಗೂ ಇದೇ ನಾಲ್ಕು ತಿಂಗಳ ಲೆಕ್ಕ, ಜೊತೆಗೆ ತಲುಪೋಕೆ 24ರಿಂದ 120 ಗಂಟೆ ಮೊದಲು ಲಾಡಿಹುಳದ ಔಷಧಿ ಕೊಡಿಸಿರಬೇಕು. ಅಮೆರಿಕ 2024ರ ಆಗಸ್ಟಿಂದ ನಿಯಮ ಬಿಗಿ ಮಾಡಿದೆ, ಆರು ತಿಂಗಳು ತುಂಬದ ಮರಿಗೆ ಪ್ರವೇಶ ಇಲ್ಲ. ಆಸ್ಟ್ರೇಲಿಯಾ ಭಾರತದಿಂದ ನೇರವಾಗಿ ನಾಯಿ ತಗೊಳ್ಳೋದೇ ಇಲ್ಲ, ಅವರು ಒಪ್ಪಿದ ಬೇರೆ ದೇಶದಲ್ಲಿ ಇಟ್ಟು ಅಲ್ಲಿಂದ ಕಳಿಸಬೇಕು.

ಹೋದ ಮೇಲೂ ಖರ್ಚಿದೆ. ಜರ್ಮನಿಯಲ್ಲಿ ನಾಯಿ ಸಾಕೋರು ಅಲ್ಲಿನ ಊರಾಡಳಿತಕ್ಕೆ ತೆರಿಗೆ ಕಟ್ಟಬೇಕು, ನಮ್ಮಲ್ಲಿ ಮನೆ ಕಂದಾಯ ಕಟ್ಟಿದ ಹಾಗೆ. ದೊಡ್ಡ ನಾಯಿಗೆ ರೈಲಲ್ಲಿ ಟಿಕೆಟ್ ಬೇರೆ. ಬಾಡಿಗೆ ಮನೆ ಹುಡುಕುವಾಗ ನಾಯಿ ಇದೆ ಅಂತ ಮೊದಲೇ ಹೇಳಿಬಿಡೋದು ಒಳ್ಳೇದು.

ನಾಯಿಗೆ ತುಂಬಾ ವಯಸ್ಸಾಗಿದ್ರೆ, ಹಾರ್ಟ್ ತೊಂದರೆ ಇದ್ರೆ, ಅಜ್ಜ ಅಜ್ಜಿ ಜೊತೆ ಊರಲ್ಲೇ ಬಿಡೋದು ತಪ್ಪಲ್ಲ ಅನ್ನೋದು ನನ್ನ ಅಭಿಪ್ರಾಯ. ರಸ್ತೆ ಬದಿ ಬಿಟ್ಟು ಹೋಗೋರ ಮಾತು ಬೇರೆ, ಅದನ್ನ ಇಲ್ಲಿ ಬರೆಯೋದು ಬೇಡ.

ಕರಿಯನ ವಿಷಯಕ್ಕೆ ಬರೋಣ. ಅವನಿಗಿನ್ನೂ ಐದು ವರ್ಷ. ಅವನನ್ನ ಹಿಂದಿನಿಂದ ಒಬ್ಬನೇ ಕಳಿಸೋಣ ಅಂತ ಅಂಗಡಿಯವರು ಯೋಚಿಸಿದ್ರು. ಆದ್ರೆ ಮಾಲೀಕರು ಹೋದ 5 ದಿನದ ಆಚೀಚೆ ಒಳಗೆ ನಾಯಿಯೂ ಹೋಗದಿದ್ರೆ ಅದನ್ನ ವ್ಯಾಪಾರದ ಸಾಗಾಟ ಅಂತ ಲೆಕ್ಕ ಹಾಕ್ತಾರೆ, ನಿಯಮ ಇನ್ನೂ ಬಿಗಿ. ಹಾಗಾಗಿ ಅಳಿಯ ಒಬ್ಬರೇ ಮೊದಲು ಹೋಗ್ತಾರೆ. ಮಗಳು, ಮೊಮ್ಮಗಳ ಟಿಕೆಟ್ ಮುಂದಕ್ಕೆ ಹಾಕಿಸಿ, ಮಗಳ ಹೆಸರಲ್ಲೇ ಕರಿಯನ ಪೇಪರ್ ಮಾಡಿಸ್ತಾ ಇದ್ದಾರೆ. ಟಿಕೆಟ್ ಬದಲಾಯಿಸಿದ್ದಕ್ಕೆ ದಂಡ ಬಿತ್ತು. ಸೋಮವಾರ ಬೆಂಗಳೂರಲ್ಲಿ ಚಿಪ್ ಹಾಕಿಸಿ, ಅಲ್ಲೇ ಲಸಿಕೆನೂ ಕೊಡಿಸಿದ್ರಂತೆ. ರಕ್ತ ತೆಗೆಯೋ ತಾರೀಕನ್ನ ಅಂಗಡಿಯವರು ಸಾಲದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡಿದ್ದಾರೆ.