ಆತ್ಮಹತ್ಯೆ ತಡೆ ತರಬೇತಿ ಮತ್ತು ಗ್ರಾಮ ಪಂಚಾಯಿತಿಯ ಪಾತ್ರ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಕಾರ್ಯನಿರ್ವಹಿಸುವ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಹಾಗೂ ಶುಶ್ರೂಷಕರಿಗೆ ನೀಡುವ ಆತ್ಮಹತ್ಯೆ ತಡೆ ತರಬೇತಿಯು ಔಷಧಿ, ಮಾತ್ರೆಗಳಿಗೆ ಸೀಮಿತವಾದುದಲ್ಲ. ಸಂಕಟದಲ್ಲಿರುವವರನ್ನು ಮಾತನಾಡಿಸುವುದು, ಅಪಾಯಕಾರಿ ವಸ್ತುಗಳು ಅವರ ಕೈಗೆ ಸಿಗದಂತೆ ನೋಡಿಕೊಳ್ಳುವುದು, ಆಸ್ಪತ್ರೆಯಿಂದ ಮರಳಿದ ಮೇಲೆ ಸಂಪರ್ಕ ಕಡಿಯದಿರುವುದು ಅದರ ಮುಖ್ಯ ಭಾಗಗಳು. ಇವುಗಳಲ್ಲಿ ಕೊನೆಯ ಎರಡು ನಡೆಯಬೇಕಾದುದು ತಾಲ್ಲೂಕು ಆಸ್ಪತ್ರೆಯಲ್ಲಲ್ಲ, ಗ್ರಾಮದಲ್ಲಿ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕೆಂಬುದು ಈ ತರಬೇತಿಯ ಆರಂಭದ ಪಾಠ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ; ಕೇಳುವವರು ಸಿಕ್ಕಿದ್ದರಿಂದಲೇ ಮನಸ್ಸು ಹಗುರವಾಯಿತೆನ್ನುವವರು ಅನೇಕರು. ಅನಂತರ ವ್ಯಕ್ತಿಯೊಡನೆ ಕುಳಿತು ‘ಸುರಕ್ಷತಾ ಯೋಜನೆ’ಯನ್ನು ಬರೆಯಲಾಗುತ್ತದೆ. ಮನಸ್ಸು ಕುಸಿಯುವ ಮುನ್ಸೂಚನೆಗಳೇನು, ಆಗ ಯಾರ ಮನೆಗೆ ಹೋಗಬಹುದು, ಯಾರಿಗೆ ಕರೆ ಮಾಡಬಹುದು ಎಂಬುದು ಅದರಲ್ಲಿರುತ್ತದೆ. ಆ ಪಟ್ಟಿಯಲ್ಲಿ ವಾರ್ಡಿನ ಸದಸ್ಯರ ಹೆಸರೂ ಇರಬಹುದು.

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಿಗೆ, ಆಸ್ಪತ್ರೆಯಿಂದ ಮರಳಿದ ಮೊದಲ ವಾರಗಳು ಮತ್ತು ತಿಂಗಳುಗಳು ಹೆಚ್ಚು ಅಪಾಯದವು. ವಿಶ್ವ ಆರೋಗ್ಯ ಸಂಸ್ಥೆಯು ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಸ್ಥಳಗಳಲ್ಲಿ ಇಂತಹ 1,867 ಜನರನ್ನು ಒಳಗೊಂಡು ನಡೆಸಿದ ಅಧ್ಯಯನವು 2008ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ರೂಢಿಯ ಚಿಕಿತ್ಸೆ ಮಾತ್ರ ದೊರೆಯಿತು. ಇನ್ನೊಂದು ಗುಂಪಿಗೆ ಅದರ ಜೊತೆಗೆ ಒಂದು ಗಂಟೆಯ ಮಾತುಕತೆ ಹಾಗೂ 18 ತಿಂಗಳಲ್ಲಿ ಒಂಬತ್ತು ಬಾರಿ ದೂರವಾಣಿ ಕರೆ ಅಥವಾ ಭೇಟಿ ದೊರೆಯಿತು. ಮೊದಲ ಗುಂಪಿನಲ್ಲಿ ಶೇ 2.2ರಷ್ಟು ಜನರು ಆತ್ಮಹತ್ಯೆಯಿಂದ ಮೃತಪಟ್ಟರೆ, ಎರಡನೆಯ ಗುಂಪಿನಲ್ಲಿ ಆ ಪ್ರಮಾಣ ಶೇ 0.2. ಹೊಸ ಔಷಧಿಯಾಗಲಿ ಯಂತ್ರವಾಗಲಿ ಇಲ್ಲದೆ ದೊರೆತ ಫಲವಿದು. ಆದರೆ ಒಂದು ಜಿಲ್ಲೆಗೆ ಇರುವ ಬೆರಳೆಣಿಕೆಯ ತಂಡವು ಪ್ರತಿ ಗ್ರಾಮಕ್ಕೂ ಒಂಬತ್ತು ಬಾರಿ ಬರಲಾರದು. ವ್ಯಕ್ತಿಯ ಒಪ್ಪಿಗೆಯಿದ್ದಲ್ಲಿ ಆಶಾ ಕಾರ್ಯಕರ್ತೆ ಹಾಗೂ ಸಮುದಾಯ ಆರೋಗ್ಯ ಅಧಿಕಾರಿಯು ತಂಡದೊಡನೆ ಸೇರಿ ಈ ಭೇಟಿಗಳನ್ನು ಮುಂದುವರಿಸಬಹುದು.

ಕೃಷಿ ಕುಟುಂಬಗಳಲ್ಲಿ ಕೀಟನಾಶಕದ ವಿಚಾರ ಪ್ರತ್ಯೇಕ ಗಮನ ಬೇಡುತ್ತದೆ. ದುಡುಕಿನ ಗಳಿಗೆ ಬಹುತೇಕ ಅಲ್ಪಕಾಲದ್ದು. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ತಮಿಳುನಾಡಿನ ಕಡಲೂರು ಜಿಲ್ಲೆಯ ಎರಡು ಗ್ರಾಮಗಳಲ್ಲಿ ಮನೆಯ ಹೊರಗೆ ಸಾಮೂಹಿಕ ದಾಸ್ತಾನು ಕೇಂದ್ರ ನಿರ್ಮಿಸಿ, ಬೀಗವಿರುವ ಪೆಟ್ಟಿಗೆಗಳನ್ನು ಒದಗಿಸಿದ ಪ್ರಯೋಗವು ಆಶಾದಾಯಕವಾಗಿತ್ತು. ಶ್ರೀಲಂಕಾದಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟ ದೊಡ್ಡ ಅಧ್ಯಯನವು (2017) ಅಂತಹ ಪ್ರಯೋಜನವನ್ನು ತೋರಿಸಲಿಲ್ಲ. ಅಲ್ಲಿ ಆತ್ಮಹತ್ಯೆಗಳು ಗಣನೀಯವಾಗಿ ಇಳಿದದ್ದು ಅತಿ ವಿಷಕಾರಿ ಕೀಟನಾಶಕಗಳ ನಿಷೇಧದ ನಂತರ. ನಿಷೇಧವು ಪಂಚಾಯಿತಿಯ ವ್ಯಾಪ್ತಿಯದಲ್ಲ. ದಾಸ್ತಾನು ಕೊಠಡಿಯನ್ನು ಕ್ರಿಯಾ ಯೋಜನೆಗೆ ಸೇರಿಸುವುದು ಸುಲಭ. ಕೀಲಿ ಯಾರ ಬಳಿ ಇರಬೇಕು, ಬೆಳಗಿನ ಜಾವ ಸಿಂಪಡಣೆಗೆ ಹೊರಟ ರೈತನಿಗೆ ಬಾಗಿಲು ತೆರೆಯುವವರು ಯಾರು ಎಂಬುದನ್ನು ಮೊದಲು ತೀರ್ಮಾನಿಸದಿದ್ದರೆ ಕಟ್ಟಡ ಮಾತ್ರ ಉಳಿಯುತ್ತದೆ.

ಪೊಲೀಸ್ ಪ್ರಕರಣದ ಭಯದಿಂದ ಕುಟುಂಬಗಳು ಯತ್ನವನ್ನು ಮುಚ್ಚಿಡುವುದುಂಟು. ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮ 2017ರ ಪ್ರಕರಣ 115ರಂತೆ, ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದು. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. ಇದನ್ನು ಸದಸ್ಯರು ಆ ಕುಟುಂಬಕ್ಕೆ ತಿಳಿಸಿದರೆ ಚಿಕಿತ್ಸೆ ತಡವಾಗುವುದಿಲ್ಲ. ಅದೇ ಅಧಿನಿಯಮದ ಪ್ರಕರಣ 23 ಗೋಪ್ಯತೆಯ ಹಕ್ಕನ್ನು ನೀಡಿದೆ. ಆದುದರಿಂದ ಸಂಬಂಧಪಟ್ಟವರ ಹೆಸರು ಗ್ರಾಮಸಭೆಯಲ್ಲಾಗಲಿ, ನಡವಳಿ ಪುಸ್ತಕದಲ್ಲಾಗಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಬರಕೂಡದು. ಸಹಾನುಭೂತಿಯಿಂದ ಹೇಳಿದ ಮಾತೂ ಊರಿನಲ್ಲಿ ಬೇರೆಯಾಗಿಯೇ ಹರಡುತ್ತದೆ.

ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯವಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ, ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹಾಗೂ ಕೀಟನಾಶಕ ಮಾರುವ ಅಂಗಡಿಗಳ ಎದುರು ದೊಡ್ಡ ಅಕ್ಷರಗಳಲ್ಲಿ ಬರೆಸತಕ್ಕದ್ದು.