ಕುದುರೆಗಾಗಿ ಕಟ್ಟಿದ ಮನೆಗಳು

ಇಂಗ್ಲೆಂಡಿನಲ್ಲಿ 1897ರಲ್ಲಿ ಆರಂಭವಾಗಿ ಇಂದಿಗೂ ಪ್ರಕಟವಾಗುತ್ತಿರುವ ‘ಕಂಟ್ರಿ ಲೈಫ್’ ಎಂಬ ವಾರಪತ್ರಿಕೆಯ ಆದಿಭಾಗದಲ್ಲಿ, ಲೇಖನಗಳು ತಲೆದೋರುವುದಕ್ಕೆ ಮೊದಲೇ, ಮಾರಾಟಕ್ಕಿರುವ ಹಳ್ಳಿಗಾಡಿನ ಮನೆಗಳ ಪ್ರಕಟಣೆಗಳು ಪುಟಪುಟವಾಗಿ ಹರಡಿಕೊಂಡಿರುತ್ತವೆ. ಜಮೀನುದಾರರ ಮಹಲು, ಪಾದ್ರಿಗಳ ಹಳೆಯ ವಸತಿ, ನೀರಿನ ಬಲದಿಂದ ಹಿಟ್ಟು ಬೀಸುತ್ತಿದ್ದ ಗಿರಣಿ ಮೊದಲಾದವುಗಳ ನಡುನಡುವೆ ಕುತೂಹಲವನ್ನು ವಿಶೇಷವಾಗಿ ಕೆರಳಿಸತಕ್ಕ ಒಂದು ಬಗೆಯ ಮನೆಯುಂಟು: ಒಂದು ಕಾಲದಲ್ಲಿ ಕುದುರೆಗಳ ಲಾಯವಾಗಿದ್ದು, ತರುವಾಯ ಮನುಷ್ಯರ ವಾಸಕ್ಕೆ ಅಣಿಗೊಂಡ ಮನೆ. ಕಾಟ್ಸ್‌ವಲ್ಡ್ ಬೆಟ್ಟಗಳ ಸೀಮೆಯಲ್ಲಾದರೆ ಜೇನುಬಣ್ಣದ ಸುಣ್ಣಕಲ್ಲಿನಿಂದ, ನಾರ್ಫೋಕ್ ಕಡೆಯಲ್ಲಾದರೆ ಕೆಂಪಿಟ್ಟಿಗೆ ಮತ್ತು ಚಕಮಕಿ ಕಲ್ಲುಗಳಿಂದ ಕಟ್ಟಿದ್ದು, ಅಂಗಳವನ್ನು ಮೂರು ಕಡೆಯಿಂದ ಬಳಸಿ ನಿಂತು, ಪ್ರವೇಶದ ಕಮಾನಿನ ಮೇಲೆ ಗಡಿಯಾರದ ಪುಟ್ಟ ಗೋಪುರವನ್ನು ಹೊತ್ತಿರುವ ಈ ಮನೆಗಳ ಬಾಗಿಲಲ್ಲಿ, ಸವಾರನು ಕುದುರೆಯೇರಲು ಕಾಲಿಡುತ್ತಿದ್ದ ಮೆಟ್ಟುಗಲ್ಲು ಇನ್ನೂ ಇದ್ದರೂ ಇರಬಹುದು. ಇಂಥ ಮನೆಯ ಗುಣವಾವುದು, ದೋಷವಾವುದು ಎಂಬುದನ್ನು ತಿಳಿಯಬೇಕಾದರೆ ಮೊದಲು ಕುದುರೆಯನ್ನು ತಿಳಿಯಬೇಕು. ಗೋಡೆಯ ಎತ್ತರ, ಕಿಟಕಿಯ ನೆಲೆ, ನೆಲದ ವಾಟ, ಎಲ್ಲವೂ ಆ ಪ್ರಾಣಿಯ ದೇಹಧರ್ಮವನ್ನನುಸರಿಸಿಯೇ ಹುಟ್ಟಿದವು.

ಲಾಯವೆಂದೊಡನೆ ಹುಲ್ಲು ಹೊದೆಸಿದ ಕೊಟ್ಟಿಗೆಯನ್ನು ಕಲ್ಪಿಸಿಕೊಳ್ಳುವವರಿಗೆ ಇಂಗ್ಲೆಂಡಿನ ಶ್ರೀಮಂತರ ಅಶ್ವಶಾಲೆಗಳು ವಿಸ್ಮಯವನ್ನುಂಟುಮಾಡುತ್ತವೆ. ಪ್ರಯಾಣಕ್ಕೂ ಬೇಟೆಗೂ ಪ್ರತಿಷ್ಠೆಗೂ ಕುದುರೆಯೇ ಆಧಾರವಾಗಿದ್ದ 17, 18ನೆಯ ಶತಮಾನಗಳಲ್ಲಿ, ಮನೆಯೊಡೆಯನು ತನ್ನ ಭೋಜನಶಾಲೆಗೆ ಕೊಟ್ಟಷ್ಟೇ ಗಮನವನ್ನು ಲಾಯಕ್ಕೂ ಕೊಡುತ್ತಿದ್ದನು. ಬಂದ ಅತಿಥಿಗಳನ್ನು ಅಲ್ಲಿಗೆ ಕರೆದೊಯ್ದು ತೋರಿಸುವುದು ಆತಿಥ್ಯದ ಒಂದು ಅಂಗವೇ ಆಗಿತ್ತು. ಡರ್ಬಿಷೈರ್‌ನ ಚಾಟ್ಸ್‌ವರ್ತ್ ಮಹಲಿಗಾಗಿ 18ನೆಯ ಶತಮಾನದ ನಡುಭಾಗದಲ್ಲಿ ಜೇಮ್ಸ್ ಪೇನ್ ಎಂಬ ವಾಸ್ತುಶಿಲ್ಪಿ ರಚಿಸಿದ ಲಾಯದಲ್ಲಿ 80 ಕುದುರೆಗಳಿಗೆ ಸ್ಥಳವಿತ್ತು. ದೂರದಿಂದ ನೋಡಿದವನಿಗೆ ಅದೇ ಮಹಲೆಂಬ ಭ್ರಮೆ ಹುಟ್ಟಿದರೆ ಆಶ್ಚರ್ಯವಿಲ್ಲ. ಯಾರ್ಕ್‌ಷೈರ್‌ನಲ್ಲಿ ಜಾನ್ ಕಾರ್ ಎಂಬ ಶಿಲ್ಪಿ ವೆಂಟ್‌ವರ್ತ್ ವುಡ್‌ಹೌಸ್ ಮತ್ತು ಕಾಸಲ್ ಹವರ್ಡ್ ಎಂಬ ಎರಡು ಮಹಾಸದನಗಳಿಗೂ ಅಷ್ಟೇ ಗಂಭೀರವಾದ ಲಾಯಗಳನ್ನು ಕಟ್ಟಿದನು.

ಆದರೆ ಲಾಯವೊಂದು ಎಷ್ಟು ಜನ್ಮಗಳನ್ನೆತ್ತಬಹುದೆಂಬುದಕ್ಕೆ ಬ್ರೈಟನ್ ಪಟ್ಟಣದ ಕಟ್ಟಡವನ್ನು ಮೀರಿಸುವ ನಿದರ್ಶನವು ನನಗೆ ತಿಳಿದಿಲ್ಲ. ಅದು ಹಳ್ಳಿಗಾಡಿನದಲ್ಲ, ಸಮುದ್ರತೀರದ ಊರಿನದು. ಆದರೂ ಈ ಪ್ರಸ್ತಾಪದಲ್ಲಿ ಅದನ್ನು ಬಿಡಲು ಮನಸ್ಸೊಪ್ಪದು. ಮುಂದೆ ನಾಲ್ಕನೆಯ ಜಾರ್ಜ್ ಎಂಬ ಹೆಸರಿನಿಂದ ಪಟ್ಟವೇರಿದ ಯುವರಾಜನಿಗಾಗಿ ವಿಲಿಯಂ ಪೋರ್ಡನ್ ಎಂಬಾತನು 1803ರಿಂದ 1808ರವರೆಗೆ, ಭಾರತೀಯ ಶೈಲಿಯನ್ನು ಅನುಕರಿಸಿ, ಸುಮಾರು 80 ಅಡಿ ವ್ಯಾಸದ ಗುಮ್ಮಟದ ಕೆಳಗೆ ಅಲ್ಲಿ ಲಾಯವನ್ನು ಕಟ್ಟಿದನು. ಯುವರಾಜನ ಅರಮನೆಗೆ ಭಾರತೀಯ ರೂಪ ಬಂದದ್ದು ಆಮೇಲೆ. ಕುದುರೆಗಳಿಗೆ ಗುಮ್ಮಟ ಮೊದಲು ದೊರಕಿತು, ದೊರೆಗೆ ಅನಂತರ. 1867ರಲ್ಲಿ ಆ ಲಾಯವು ಸಂಗೀತ ಸಭಾಂಗಣವಾಯಿತು. ಮೊದಲನೆಯ ಮಹಾಯುದ್ಧದಲ್ಲಿ, 1914ರ ಕೊನೆಯಿಂದ 1916ರ ಆದಿಯವರೆಗೆ, ಫ್ರಾನ್ಸಿನ ರಣಭೂಮಿಯಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಅದೇ ಗುಮ್ಮಟದ ಕೆಳಗೆ ಹಾಸಿಗೆಗಳನ್ನು ಸಾಲಾಗಿ ಹಾಸಲಾಯಿತು. ತಮ್ಮ ನಾಡಿನ ಶೈಲಿಯನ್ನು ಪರದೇಶದ ಶಿಲ್ಪಿಯೊಬ್ಬನು ಅಶ್ವಗಳಿಗಾಗಿ ಕಲ್ಪಿಸಿದ್ದ ಮಾಡಿನಡಿಯಲ್ಲಿ ಆ ಯೋಧರು ಗುಣಮುಖರಾಗಲು ಕಾದು ಮಲಗಿದ್ದರು. 1974ರಲ್ಲಿ ಅದೇ ಸಭಾಂಗಣದಲ್ಲಿ ‘ಅಬ್ಬಾ’ ಎಂಬ ಸ್ವೀಡನ್ನಿನ ಗಾಯಕವೃಂದವು ಯೂರೋವಿಷನ್ ಸ್ಪರ್ಧೆಯಲ್ಲಿ ಗೆದ್ದು ಲೋಕವಿಖ್ಯಾತವಾಯಿತು.

ಈಗ ಸಾಮಾನ್ಯ ಲಾಯದ ರಚನೆಯನ್ನು ನೋಡೋಣ. ಕುದುರೆಯ ಉಸಿರಾಟವು ಸೂಕ್ಷ್ಮ. ಅದರ ಮೂತ್ರದಿಂದೇಳುವ ಘಾಟು ಒಳಗೆ ನಿಂತರೆ ಶ್ವಾಸಕೋಶಕ್ಕೂ ಕಣ್ಣಿಗೂ ಕೇಡು. ಆದಕಾರಣ ಗೋಡೆಗಳು ಎತ್ತರವಾಗಿದ್ದು, ಬಿಸಿಗಾಳಿ ಹೊರಹೋಗಲು ಮಾಡಿನ ನೆತ್ತಿಯಲ್ಲಿ ಗವಾಕ್ಷವಿರುತ್ತಿತ್ತು. ಗೋಪುರವೆಂದು ನಾವು ಮೆಚ್ಚುವ ಎಷ್ಟೋ ಅಲಂಕಾರಗಳ ನಿಜವಾದ ಕಾರ್ಯ ಇದೇ. ತಂಗಾಳಿ ಮೈಗೆ ನೇರವಾಗಿ ಬಡಿಯದಂತೆ ಕಿಟಕಿಗಳನ್ನು ಕುದುರೆಯ ತಲೆಗಿಂತ ಮೇಲಿಡುತ್ತಿದ್ದರು. ಗೊರಸು ಜಾರದಂತೆ ಗೀರುಗಳನ್ನು ಕೊರೆದ ಗಟ್ಟಿಯಾದ ನೀಲಿಯಿಟ್ಟಿಗೆಗಳನ್ನು ನೆಲಕ್ಕೆ ಹಾಸಿ, ನೀರು ಹರಿದುಹೋಗಲು ವಾಟವನ್ನೂ ಚರಂಡಿಯನ್ನೂ ಬಿಡುತ್ತಿದ್ದರು. ಕಟ್ಟಿಹಾಕುವ ಕುದುರೆಗೆ ಸುಮಾರು ಆರು ಅಡಿ ಅಗಲದ ಅಂಕಣ. ಬಿಟ್ಟಿರುವ ಕುದುರೆಗೆ ಹನ್ನೆರಡು ಅಡಿ ಚೌಕದ ಕೋಣೆ. ಮೇಲಿನ ಅಟ್ಟದಲ್ಲಿ ಒಣಹುಲ್ಲು. ಅಲ್ಲಿಂದ ಕಿಂಡಿಯ ಮೂಲಕ ಅದು ನೇರವಾಗಿ ಗೋದಲಿಯ ಮೇಲಿನ ಕಂಬಿಯ ಬುಟ್ಟಿಗೆ ಬೀಳುತ್ತಿತ್ತು. ಜೀನು, ಲಗಾಮುಗಳ ತೊಗಲು ತೇವದಿಂದ ಬೂಷ್ಟು ಹಿಡಿಯದಿರಲೆಂದು ಅವುಗಳ ಕೋಣೆಯಲ್ಲಿ ಅಗ್ಗಿಷ್ಟಿಕೆ ಇರುತ್ತಿತ್ತು. ಸಾರೋಟುಗಳನ್ನು ನಿಲ್ಲಿಸುವ ಶಾಲೆಗೆ ಅಗಲವಾದ ಕಮಾನಿನ ದ್ವಾರ. ಬಾಗಿಲೋ, ಮೇಲರ್ಧವೊಂದು ಕೆಳಗರ್ಧವೊಂದು ಎಂದು ಎರಡು ತುಂಡು: ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆದರೆ ಕುದುರೆಯು ತಲೆಯನ್ನು ಹೊರಚಾಚಿ ಅಂಗಳವನ್ನು ನೋಡುತ್ತ ನಿಲ್ಲಬಹುದಾಗಿತ್ತು.

ಮೋಟಾರು ಬಂದಮೇಲೆ ಈ ವ್ಯವಸ್ಥೆಯೆಲ್ಲ ಕೆಲವೇ ದಶಕಗಳಲ್ಲಿ ಸಡಿಲವಾಯಿತು. 1914ರಲ್ಲಿ ಯುದ್ಧವು ಘೋಷಿತವಾದ ಎರಡು ವಾರಗಳೊಳಗೆ ಬ್ರಿಟಿಷ್ ಸೇನೆಯ ಕುದುರೆಗಳ ಸಂಖ್ಯೆ ಸುಮಾರು 25,000ದಿಂದ 1,65,000ಕ್ಕೆ ಏರಿತೆಂದರೆ, ಆ ಕುದುರೆಗಳಲ್ಲಿ ಅನೇಕವು ಹಳ್ಳಿಗಳ ಲಾಯಗಳಿಂದ ಬಂದವೆಂಬುದನ್ನು ಹೇಳಬೇಕಾಗಿಲ್ಲ. ತೆರಿಗೆಯ ಭಾರಕ್ಕೂ ಆಳುಗಳ ಅಭಾವಕ್ಕೂ ಸಿಲುಕಿ 20ನೆಯ ಶತಮಾನದಲ್ಲಿ ನೂರಾರು ಮಹಲುಗಳು ನೆಲಸಮವಾದವು. ನಾಟಿಂಗ್‌ಹ್ಯಾಮ್‌ಷೈರ್‌ನ ಕ್ಲಂಬರ್ ಮಹಲನ್ನು 1938ರಲ್ಲಿ ಕೆಡವಿದರು; ಆದರೆ ಅದರ ಲಾಯವು ಉಳಿಯಿತು. ಒಡೆಯನ ಮನೆಗಿಂತ ಅವನ ಕುದುರೆಯ ಮನೆಯು ಹೆಚ್ಚು ಕಾಲ ಬಾಳಿದುದಕ್ಕೆ ಕಾರಣವು ಸರಳವಾದದ್ದು: ಅರುವತ್ತು ಕೋಣೆಗಳ ಸೌಧದಲ್ಲಿ ಸಂಸಾರ ಹೂಡುವುದು ಸಾಮಾನ್ಯನಿಗೆ ಅಸಾಧ್ಯ, ಗಟ್ಟಿಯಾದ ಗೋಡೆಗಳ, ಹಿತವಾದ ಅಳತೆಯ ಲಾಯದಲ್ಲಿ ಅದು ಸಾಧ್ಯ.

ಹಾಗೆಂದು ಬೇಕಾದವರು ಬೇಕಾದಂತೆ ಬದಲಾಯಿಸಲು ಅಲ್ಲಿಯ ಕಾನೂನು ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಚಾರಿತ್ರಿಕ ಮೌಲ್ಯವುಳ್ಳ ಕಟ್ಟಡಗಳನ್ನು ಮೂರು ದರ್ಜೆಗಳ ರಕ್ಷಿತ ಪಟ್ಟಿಯಲ್ಲಿ ಸೇರಿಸಿರುತ್ತಾರೆ. ಮಹಲು ಪಟ್ಟಿಯಲ್ಲಿದ್ದು, ಅದರ ಆವರಣದೊಳಗಿನ ಲಾಯವು 1948ನೆಯ ಜುಲೈ 1ಕ್ಕಿಂತ ಮೊದಲಿನದಾದರೆ, ಲಾಯದ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ಸಾಮಾನ್ಯವಾಗಿ ಅದಕ್ಕೂ ಅದೇ ರಕ್ಷಣೆಯುಂಟು. ಇಂಥಲ್ಲಿ ಕಟ್ಟಡದ ಲಕ್ಷಣವನ್ನು ಮಾರ್ಪಡಿಸುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಅಪರಾಧ. ಹಿಂದಿನ ಒಡೆಯನು ಹಾಗೆ ಮಾಡಿದ್ದನ್ನು ಸರಿಪಡಿಸಬೇಕೆಂಬ ಆಜ್ಞೆಯು ಹೊಸ ಒಡೆಯನ ಮೇಲೂ ಬರಬಹುದು. ಕೃಷಿಯ ಕಟ್ಟಡಗಳನ್ನು ಮನೆಗಳಾಗಿಸಲು 2014ರಿಂದ ಒಂದು ಸುಲಭ ಮಾರ್ಗವನ್ನು ತೆರೆದಿದ್ದಾರೆ. ಆದರೆ ಸವಾರಿಯ ಕುದುರೆಯನ್ನು ಸಾಕುವುದು ಕಾನೂನಿನ ದೃಷ್ಟಿಯಲ್ಲಿ ಕೃಷಿಯಲ್ಲವಾದ್ದರಿಂದ ಇಂಥ ಲಾಯಗಳಿಗೆ ಪೂರ್ಣಪ್ರಮಾಣದ ಅನುಮತಿಯೇ ಬೇಕು. ಇನ್ನು ಬಾವಲಿಗಳು. ಮೂಗಿನ ಸುತ್ತ ಲಾಳದಾಕಾರದ ಚರ್ಮವುಳ್ಳ ಒಂದು ಜಾತಿಯ ಸಣ್ಣ ಬಾವಲಿಗಳಿಗೆ ಹಳೆಯ ಲಾಯದ ಅಟ್ಟವೆಂದರೆ ಬಹಳ ಪ್ರೀತಿ. ಅವು ಹೊರಗೆ ಹೋಗಿರುವಾಗಲೂ ಅವುಗಳ ನೆಲೆಯನ್ನು ಹಾಳುಮಾಡಕೂಡದೆಂದು ಕಾನೂನು ವಿಧಿಸುತ್ತದೆ. ಈ ನಿರ್ಬಂಧಗಳನ್ನು ಕಾಟವೆಂದು ದೂರುವವರಿದ್ದಾರೆ. ನನಗಾದರೋ ಇವು ಅವಶ್ಯವೆಂದೇ ತೋರುತ್ತದೆ, ಯಾಕೆಂದರೆ ಇವಿಲ್ಲದಿದ್ದರೆ ಲಾಯದ ಹೆಸರೊಂದು ಫಲಕದ ಮೇಲೆ ಉಳಿದು ಮಿಕ್ಕುದೆಲ್ಲವೂ ಅಳಿದುಹೋಗುತ್ತಿತ್ತು.

ಉತ್ತಮವಾದ ಪರಿವರ್ತನೆಯಲ್ಲಿ ಹಳೆಯ ರಂಧ್ರಗಳೇ ಹೊಸ ಬೆಳಕಿಂಡಿಗಳಾಗುತ್ತವೆ. ಸಾರೋಟಿನ ಕಮಾನಿಗೆ ಗಾಜನ್ನು ಕೂಡಿಸಿದರೆ ಅದೇ ನಡುಮನೆಗೆ ಬೆಳಕು. ಅಂಕಣಗಳ ನಡುವಿನ ಎರಕದ ಕಬ್ಬಿಣದ ಕಂಬಗಳು ಅಡುಗೆಮನೆಗೂ ಊಟದ ಮನೆಗೂ ಎಲ್ಲೆ. ಹುಲ್ಲಿನ ಅಟ್ಟವೇ ಮಲಗುವ ಕೋಣೆ. ಕೆಟ್ಟ ಪರಿವರ್ತನೆಯಲ್ಲಿ ಗೋಡೆಗೆ ಹತ್ತಾರು ಹೊಸ ಕಿಟಕಿಗಳನ್ನು ಕೊರೆದು, ತೊಲೆಗಳನ್ನು ಹಲಗೆಯಿಂದ ಮುಚ್ಚಿ, ನೀಲಿಯಿಟ್ಟಿಗೆಯ ನೆಲವನ್ನು ಕಿತ್ತೊಗೆದಿರುತ್ತಾರೆ. ಅಂಥ ಮನೆಯನ್ನು ಲಾಯದ ಬೆಲೆಗೆ ಕೊಳ್ಳುವುದು ನಷ್ಟವೇ ಸರಿ.

ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯನ್ನು ಕೊಳ್ಳುವವನು ಅವಶ್ಯವಾಗಿ ವಿಚಾರಿಸಬೇಕು. ನೂರಾರು ವರ್ಷ ಕುದುರೆಗಳ ಮೂತ್ರವನ್ನು ಹೀರಿಕೊಂಡ ಗೋಡೆಯ ಕೆಳಭಾಗದಲ್ಲಿ ನೈಟ್ರೇಟಿನಂಥ ಲವಣಗಳು ಸಂಗ್ರಹವಾಗಿರುತ್ತವೆ. ಮನೆಯೊಳಗೆ ಬಿಸಿಯೇರಿದಂತೆ ತೇವದೊಡನೆ ಅವು ಮೇಲ್ಮೈಗೆ ಬಂದು ಬಿಳಿಯ ಹೂವಾಗಿ ಅರಳಿ, ಗಾರೆಯನ್ನು ಉದುರಿಸುತ್ತವೆ. ಗಾಳಿಯ ತೇವವನ್ನು ಹೀರಿ ಗೋಡೆಗೆ ಮತ್ತೆ ಮತ್ತೆ ಒದ್ದೆಯ ಕಲೆಯನ್ನುಂಟುಮಾಡುತ್ತವೆ. ಇದನ್ನು ಸಿಮೆಂಟಿನಿಂದ ಮುಚ್ಚಿದರೆ ತೇವವು ಒಳಗೇ ಸೆರೆಯಾಗಿ ಇಟ್ಟಿಗೆಯೇ ಸವೆಯತೊಡಗುತ್ತದೆ. ಕವಿಯೂ ವಿನ್ಯಾಸಕಾರನೂ ಆದ ವಿಲಿಯಂ ಮಾರಿಸ್ 1877ರಲ್ಲಿ ಸ್ಥಾಪಿಸಿದ ಪ್ರಾಚೀನ ಕಟ್ಟಡಗಳ ಸಂರಕ್ಷಣಾ ಸಂಘವು ಇಂದಿಗೂ ಉಪದೇಶಿಸುತ್ತಿರುವುದು ಸುಣ್ಣದ ಗಾರೆಯನ್ನೇ. ಅದು ತೇವವನ್ನು ಹೊರಬಿಡುತ್ತದೆ, ಲವಣದ ಪೆಟ್ಟನ್ನು ತಾನು ತಿಂದು ಇಟ್ಟಿಗೆಯನ್ನು ಉಳಿಸುತ್ತದೆ, ಹಾಳಾದಾಗ ಕೆರೆದು ಮತ್ತೆ ಬಳಿಯಬಹುದು. ಮಾರಾಟದ ಚಿತ್ರಗಳಲ್ಲಿ ಹೊಸದಾಗಿ ಬಣ್ಣ ಬಳಿದು ಹೊಳೆಯುವ ಗೋಡೆಯನ್ನು ಕಂಡಾಗ, ಅದರ ಹಿಂದಿರುವುದು ಸುಣ್ಣವೋ ಸಿಮೆಂಟೋ ಎಂಬುದೇ ಮೊದಲ ಪ್ರಶ್ನೆಯಾಗತಕ್ಕದ್ದು.

ಉಳಿದ ಪ್ರಶ್ನೆಗಳು ಕೊಳ್ಳುವವನ ಕಾಗದಪತ್ರಗಳನ್ನು ನೋಡುವ ಸಾಲಿಸಿಟರ್ ಎಂಬ ವಕೀಲನ ಮೇಜಿನ ಮೇಲಿನವು. ಒಂದೇ ಲಾಯವನ್ನು ನಾಲ್ಕಾರು ಮನೆಗಳಾಗಿ ಹಂಚಿದ್ದರೆ ಅಂಗಳವು ಯಾರದು, ಗೋಪುರದ ಗಡಿಯಾರದ ದುರಸ್ತಿಯ ಖರ್ಚನ್ನು ಯಾರು ಕೊಡತಕ್ಕದ್ದು. ಮಹಲಿನ ರಸ್ತೆಯಲ್ಲಿ ಓಡಾಡುವ ಹಕ್ಕು ಪತ್ರದಲ್ಲಿ ನಮೂದಾಗಿದೆಯೆ. ಆವರಣದ ಮಧ್ಯೆ ಸಾರ್ವಜನಿಕರ ಕಾಲುದಾರಿ ಹಾಯುತ್ತದೆಯೆ. ಅನೇಕ ಹಳ್ಳಿಗಳಿಗೆ ಅನಿಲದ ಕೊಳವೆಯಾಗಲಿ ಊರಿನ ಒಳಚರಂಡಿಯಾಗಲಿ ಬಂದಿಲ್ಲ. ಮನೆಯನ್ನು ಬೆಚ್ಚಗಿಡಲು ತೊಟ್ಟಿಯಲ್ಲಿ ಎಣ್ಣೆಯನ್ನು ತುಂಬಿಸಿಡಬೇಕು. ಸೆಪ್ಟಿಕ್ ಟ್ಯಾಂಕಿನ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡುವುದು 2020ರಿಂದ ನಿಷಿದ್ಧವಾಗಿರುವುದರಿಂದ, ಹಳೆಯ ಟ್ಯಾಂಕನ್ನು ಬದಲಾಯಿಸುವ ವೆಚ್ಚವು ಮಾರುವವನದೋ ಕೊಳ್ಳುವವನದೋ ಎಂಬುದನ್ನು ಕರಾರಿಗೆ ಸಹಿ ಹಾಕುವ ಮೊದಲೇ ಬರೆಯಿಸಿಕೊಳ್ಳಬೇಕು.