ಹೊಳಿ ಉಸುಕಿನ್ಯಾಗ ಬಂಗಾರ ಐತೇನು?

ಮಕ್ತಲ್: ಬಗಲಾಗ ಹಟ್ಟಿ ಬಂಗಾರದ ಗಣಿ, ಮುಂದ ಕೃಷ್ಣಾ ಹೊಳಿ. ಹಂಗಿದ್ದ ಮ್ಯಾಲ ಉಸುಕಿನ್ಯಾಗ ಬಂಗಾರ ಯಾಕ ಸಿಗಂಗಿಲ್ಲ? ಗಡಿ ಭಾಗದ ಯಾರಿಗಾದರೂ ಬರುವ ಪ್ರಶ್ನೆ ಇದು.

ಹಟ್ಟಿ ನಮಗೆ ಹೊರಗಿನದೇನಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಹಟ್ಟಿಯಂಥದೇ ಹಳೆಯ ಶಿಲೆಯ ಪಟ್ಟಿ ಗದ್ವಾಲ ಭಾಗದಲ್ಲೂ ಇದೆ.

ಬಂಗಾರ ಹುಟ್ಟುವುದು ಹೊಳೆಯಲ್ಲಲ್ಲ, ಬಂಡೆಯೊಳಗಿನ ಬಿಳಿಗಲ್ಲಿನ ಎಳೆಗಳಲ್ಲಿ. ಬಿಸಿಲು-ಮಳೆಗೆ ಕಲ್ಲು ಸವೆದಾಗ ಅದರ ಕಣಗಳು ಹಳ್ಳಕ್ಕೆ ಇಳಿಯುತ್ತವೆ. ಬಂಗಾರ ನೀರಿಗಿಂತ 19 ಪಟ್ಟು, ಉಸುಕಿಗಿಂತ ಸುಮಾರು 7 ಪಟ್ಟು ಭಾರ. ಹೀಗಾಗಿ ನೀರಿನ ಸೆಳೆತ ಎಲ್ಲಿ ಕಮ್ಮಿಯೋ ಅಲ್ಲೇ ಕೂಡುತ್ತದೆ: ಹಳ್ಳದ ತಿರುವಿನ ಒಳಮಗ್ಗುಲು, ದೊಡ್ಡ ಬಂಡೆಯ ಹಿಂದೆ, ತಳದ ಬಿರುಕಿನಲ್ಲಿ. ಹಗುರ ಉಸುಕು ಮುಂದೆ ಹೋಗುತ್ತದೆ, ಭಾರದ ಕರಿ ಉಸುಕು ಬಂಗಾರದ ಜೊತೆ ಉಳಿಯುತ್ತದೆ.

ಗದಗ ಜಿಲ್ಲೆಯ ಕಪ್ಪತಗುಡ್ಡದ ಜಾಲಗಾರರಿಗೆ ಇದು ಗೊತ್ತಿತ್ತು. ಸೊರಟೂರು ಭಾಗದ ಹಳ್ಳಗಳಲ್ಲಿ ಅವರು ಉಸುಕು ತೊಳೆದು ಬಂಗಾರ ತೆಗೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಆ ಗುಡ್ಡದ ಬಂಗಾರದ ಶಿಲೆಗಳ ಬಗ್ಗೆ ಬರೆದಿದ್ದಾರೆ. ಅಕ್ಕಸಾಲಿಗರ ಅಂಗಡಿ ಧೂಳು ತೊಳೆಯುವ ಮರಾಠಿ ಸೀಮೆಯ ಝಾರೇಕರಿಗಳ ವಿದ್ಯೆಯೂ ಇದೇ.

ಕೃಷ್ಣೆಯ ಲೆಕ್ಕ ಬೇರೆ. ಮಹಾಬಳೇಶ್ವರದಿಂದ ಬರುವ ಈ ಹೊಳೆ ನೂರಾರು ಕಿ.ಮೀ. ಹರಿಯುವುದು ಮಹಾರಾಷ್ಟ್ರದ ಕರಿಕಲ್ಲಿನ ನೆಲದಲ್ಲಿ. ಅದು ಬಂಗಾರದ ಕಲ್ಲಲ್ಲ. ಭೀಮೆಯೂ ಅದೇ ಸೀಮೆಯಿಂದ ಬಂದು ತಂಗಡಗಿ ಬಳಿ ಕೂಡುತ್ತದೆ. ಅಷ್ಟು ಉಸುಕಿನಲ್ಲಿ ಒಂದಿಷ್ಟು ಬಂಗಾರದ ಪುಡಿ ಬೆರೆತರೂ ಕೈಗೆ ಹತ್ತುವುದಿಲ್ಲ. ಕಾಳಿನಂಥ ಬಂಗಾರ ಮೂಲ ಗುಡ್ಡ ಬಿಟ್ಟು ಬಹಳ ದೂರ ಬರುವುದೂ ಇಲ್ಲ. ಮೇಲಿನಿಂದ ಬರುವ ಉಸುಕನ್ನು ಆಲಮಟ್ಟಿ, ನಾರಾಯಣಪುರ ಅಣೆಕಟ್ಟೆಗಳು ಬೇರೆ ತಡೆಯುತ್ತವೆ.

ಹಂಗಾದ್ರ ಉಸುಕಿನ್ಯಾಗ ಮಿಂಚೂದೇನು? ಬಹುಪಾಲು ಅಭ್ರಕ. ನಮ್ಮ ಹಿರಿಯರು ಅದಕ್ಕೇ 'ಕಾಗೆ ಬಂಗಾರ' ಎಂದು ಹೆಸರಿಟ್ಟರು. ಸೂಜಿಯಿಂದ ಚುಚ್ಚಿದರೆ ಅಭ್ರಕ ಪದರು ಪದರಾಗಿ ಏಳುತ್ತದೆ, ನೀರಲ್ಲಿ ತೇಲಾಡುತ್ತದೆ. ಬಂಗಾರ ಒಡೆಯುವುದಿಲ್ಲ, ಬಡಿದರೆ ಚಪ್ಪಟೆಯಾಗುತ್ತದೆ, ನೀರಿನ ತಳದಲ್ಲೇ ಕೂಡುತ್ತದೆ.

'ಹೊಳ್ಯಾಗ ಸಿಕ್ಕೈತಿ, ಅಗ್ಗಕ್ಕ ಕೊಡ್ತೀನಿ' ಎಂದು ಯಾರಾದರೂ ಗಂಟು ಬಿಚ್ಚಿದರೆ, ಮಗಳ ಮದುವೆಗೆ ಕೂಡಿಟ್ಟ ರೊಕ್ಕ ತೆಗೆಯಬೇಡಿ. ಮೊದಲು ನಾರಾಯಣಪೇಟೆಯ ಸರಾಫ ಅಂಗಡಿಯಲ್ಲಿ ಒರೆಗೆ ಹಚ್ಚಿಸಿ. ಪಾದರಸ ಹಾಕಿ ಬಂಗಾರ ಬೇರ್ಪಡಿಸುವ ಸಾಹಸವಂತೂ ಮನೆಯಲ್ಲಿ ಬೇಡವೇ ಬೇಡ, ಕಾಸಿದಾಗ ಏಳುವ ಅದರ ಹಬೆ ವಿಷ.